ಓದುಗರ ಪ್ರಶ್ನೆಗೆ ಉತ್ತರ: ಇನ್ಸುಲಿನ್ ಪ್ರತಿರೋಧವಿರುವ ಮಗನಿಗೆ ‘ಹಿಟ್’ ವ್ಯಾಯಾಮ ಮಾಡಿಸಬಹುದೇ?

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. ತೂಕ ಹೆಚ್ಚಿದೆ, ಕುತ್ತಿಗೆಯ ಹಿಂಭಾಗ ಕಪ್ಪಾಗಿದೆ. ಇನ್ಸುಲಿನ್ ಪ್ರತಿರೋಧ ಶುರುವಾಗಿದೆ ಎಂದು ವೈದ್ಯರು ಹೇಳಿದ್ದಾರೆ. ವಾಕಿಂಗ್ ಬಿಡಿಸಿ ಹಿಟ್ ವ್ಯಾಯಾಮ ಮಾಡಿಸಿದರೆ ಬೇಗ ಸರಿಹೋಗುತ್ತದೆಯೇ? (ಒಬ್ಬ ತಾಯಿ, ದಾವಣಗೆರೆ)

ಉತ್ತರ: ವೈದ್ಯರ ಒಪ್ಪಿಗೆ ಇದ್ದರೆ ಹಿಟ್ (ಜೋರು ಮತ್ತು ನಿಧಾನದ ಸುತ್ತುಗಳನ್ನು ಬದಲಿಸುತ್ತ ಮಾಡುವ ತೀವ್ರ ವ್ಯಾಯಾಮ) ಮಾಡಿಸಬಹುದು, ಆದರೆ ಅದಕ್ಕಾಗಿ ವಾಕಿಂಗ್ ಬಿಡಿಸಬೇಡಿ. ಬೊಜ್ಜಿರುವ ಹದಿಹರೆಯದವರಲ್ಲಿ ಎರಡನ್ನೂ ಹೋಲಿಸಿದ ಅಧ್ಯಯನಗಳಲ್ಲಿ ಹೃದಯ ಮತ್ತು ಶ್ವಾಸಕೋಶಗಳ ಕ್ಷಮತೆ ಹಿಟ್‌ನಿಂದ ಸಾಮಾನ್ಯವಾಗಿ ಹೆಚ್ಚು ಸುಧಾರಿಸಿದೆ. ಇನ್ಸುಲಿನ್ ಪ್ರತಿರೋಧದ ಮಟ್ಟಿಗೆ ಎರಡರ ಫಲವೂ ಹೆಚ್ಚುಕಡಿಮೆ ಒಂದೇ.

ಇನ್ಸುಲಿನ್‌ನ ಸೂಚನೆಯಂತೆ ರಕ್ತದ ಸಕ್ಕರೆಯನ್ನು ಒಳಗೆಳೆದುಕೊಳ್ಳುವುದರಲ್ಲಿ ಸ್ನಾಯುಗಳದ್ದೇ ದೊಡ್ಡ ಪಾಲು. ಸ್ನಾಯುಕೋಶಗಳು ಆ ಸೂಚನೆಗೆ ಸರಿಯಾಗಿ ಸ್ಪಂದಿಸದಿದ್ದಾಗ (ಇದೇ ಇನ್ಸುಲಿನ್ ಪ್ರತಿರೋಧ) ಮೇದೋಜೀರಕ ಗ್ರಂಥಿ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸುತ್ತದೆ, ಮತ್ತು ನಿಮ್ಮ ಮಗನ ಕುತ್ತಿಗೆಯ ಕಪ್ಪು, ಎಷ್ಟು ಉಜ್ಜಿ ತೊಳೆದರೂ ಹೋಗದ ಆ ಕಪ್ಪು, ಬಹುಮಟ್ಟಿಗೆ ಈ ಹೆಚ್ಚುವರಿ ಇನ್ಸುಲಿನ್‌ನ ಗುರುತು. ವ್ಯಾಯಾಮದ ವಿಶೇಷವೆಂದರೆ, ಸಂಕುಚಿಸುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ಗ್ಲುಟ್-4 ಎಂಬ ಸಕ್ಕರೆವಾಹಕ ಪ್ರೋಟೀನುಗಳನ್ನು ತನ್ನ ಕೋಶಗಳ ಹೊರಪದರಕ್ಕೆ ತಂದುಕೊಳ್ಳುತ್ತದೆ. ವ್ಯಾಯಾಮ ಮುಗಿದ ಮೇಲೂ ಸುಮಾರು 24ರಿಂದ 48 ಗಂಟೆ ಆ ಸ್ನಾಯು ಇನ್ಸುಲಿನ್‌ಗೆ ಹೆಚ್ಚು ಚೆನ್ನಾಗಿ ಸ್ಪಂದಿಸುತ್ತದೆ. ಆದ್ದರಿಂದ ಯಾವ ವ್ಯಾಯಾಮ ಎಂಬುದಕ್ಕಿಂತ, ಸತತ ಎರಡು ದಿನ ತಪ್ಪದಂತೆ ನೋಡಿಕೊಳ್ಳುವುದು ಮುಖ್ಯವೆಂದು ನನ್ನ ಅಭಿಪ್ರಾಯ. (ಪ್ರೌಢಾವಸ್ಥೆಯಲ್ಲಿ ತೆಳ್ಳಗಿನ ಮಕ್ಕಳಲ್ಲೂ ಇನ್ಸುಲಿನ್ ಪ್ರತಿರೋಧ ಸ್ವಲ್ಪ ಕಾಲ ಏರುತ್ತದೆ; ಬೊಜ್ಜು ಅದರ ಮೇಲೆ ಇನ್ನಷ್ಟು ಭಾರ ಹೇರುತ್ತದೆ.)

ಹಿಟ್ ಎಂದರೆ ಸ್ವಲ್ಪ ಹೊತ್ತು ಜೋರಾಗಿ ದುಡಿದು, ಸ್ವಲ್ಪ ಹೊತ್ತು ನಿಧಾನಗೊಂಡು, ಮತ್ತೆ ಜೋರಾಗುವುದು. ಪ್ರಸಿದ್ಧವಾದ ನಾರ್ವೆಯ ಕ್ರಮದಲ್ಲಿ ಗರಿಷ್ಠ ಹೃದಯಬಡಿತದ ಶೇ 85ರಿಂದ 95ರಷ್ಟರಲ್ಲಿ 4 ನಿಮಿಷ, ನಡುವೆ 3 ನಿಮಿಷ ಹಗುರ ಚಲನೆ, ಹೀಗೆ 4 ಸುತ್ತು. ಹೊಸಬನಿಗೆ ಇದು ಅತಿಯಾಯಿತು. ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡು, ಅರ್ಧ ನಿಮಿಷ ಜೋರು, ಒಂದೂವರೆ ನಿಮಿಷ ನಿಧಾನ, ಹೀಗೆ ಆರು ಸುತ್ತು, ವಾರಕ್ಕೆ ಮೂರು ದಿನ ಸಾಕು. ಜೋರು ಎಂದರೆ ಒಂದೆರಡು ಪದಕ್ಕಿಂತ ಹೆಚ್ಚು ಮಾತಾಡಲಾಗದಷ್ಟು ಏದುಸಿರು. ಅದು ಅವನವನ ಶಕ್ತಿಗೆ ತಕ್ಕಂತೆ ಇರುವುದರಿಂದ, ಭಾರವಾದ ಹುಡುಗನಿಗೆ ಓಡದೆಯೇ, ಏರಿನಲ್ಲಿ ಬಿರುಸಾಗಿ ನಡೆದರೂ ಆ ಮಟ್ಟ ಸಿಗುತ್ತದೆ. ಚಿತ್ರದುರ್ಗದ ಮಕ್ಕಳಿಗೆ ಕೋಟೆಯ ಏರುದಾರಿಯೇ ಇದೆ. ದಾವಣಗೆರೆಯಲ್ಲಿ ಕುಂದವಾಡ ಕೆರೆಯ ದಂಡೆಯ ಮೇಲೆ ವೇಗ ಬದಲಿಸುತ್ತ ನಡೆಯಬಹುದು. ಖೊಖೊ ಮತ್ತು ಕಬಡ್ಡಿಯ ಆಟದ ಲಯವೇ ಇಂಥದ್ದು, ಮತ್ತು ಒಂದೇ ಸಮ ಓಡುವಾಗ ಎಲ್ಲರಿಗಿಂತ ಹಿಂದೆ ಬಿದ್ದು ನಾಚಿಕೊಳ್ಳುವ ಹುಡುಗ ಇಂಥ ಆಟದಲ್ಲಿ ಉಳಿದುಕೊಳ್ಳುವ ಸಾಧ್ಯತೆ ಹೆಚ್ಚು.

5ರಿಂದ 17 ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಇಪ್ಪತ್ತೆರಡು ನಿಮಿಷದ ಹಿಟ್ ಅದನ್ನು ತುಂಬುವುದಿಲ್ಲ; ವಾಕಿಂಗ್ ಉಳಿಸಿಕೊಳ್ಳಿ ಎಂದದ್ದು ಇದಕ್ಕೇ.

ತೊಡೆಸಂದು, ತೊಡೆ ಅಥವಾ ಮಂಡಿ ನೋವಿನೊಂದಿಗೆ ಕುಂಟುತ್ತಿದ್ದರೆ ವ್ಯಾಯಾಮ ನಿಲ್ಲಿಸಿ ಅಂದೇ ವೈದ್ಯರಿಗೆ ತೋರಿಸಬೇಕು, ಏಕೆಂದರೆ ತೂಕ ಹೆಚ್ಚಿರುವ ಈ ವಯಸ್ಸಿನವರಲ್ಲಿ ತೊಡೆಮೂಳೆಯ ತುದಿಯ ಬೆಳವಣಿಗೆಯ ಭಾಗ ಜಾರುವ ತೊಂದರೆ ಹೀಗೆಯೇ ಕಾಣಿಸಿಕೊಳ್ಳುತ್ತದೆ. ಎದೆನೋವು, ತಲೆಸುತ್ತು, ಉಬ್ಬಸ ಬಂದರೂ ಹಾಗೆಯೇ ತೋರಿಸಿ. ಸಕ್ಕರೆ ಕಾಯಿಲೆಯ ಮಾತ್ರೆಯಾದ ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಅಪಾಯಕರವಾಗಿ ಇಳಿಯುವುದು ಅಪರೂಪ; ಇನ್ಸುಲಿನ್ ಚುಚ್ಚಿಕೊಳ್ಳುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ನಮ್ಮ ಕಡೆಯ ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಮುಗಿಸಿ, ನೀರು ಕುಡಿಸಿ. ಬಾಟಲಿಯಲ್ಲಿ ಬರುವ ಸಿಹಿ ಪಾನೀಯ ಬೇಕಿಲ್ಲ.

ತಕ್ಕಡಿಯ ಮುಳ್ಳು ಮೊದಲ ತಿಂಗಳುಗಳಲ್ಲಿ ಕದಲದೇ ಇರಬಹುದು. ಅದಕ್ಕೂ ಮೊದಲೇ ಇನ್ಸುಲಿನ್ ಸ್ಪಂದನ ಸುಧಾರಿಸಿರಬಹುದಾದ್ದರಿಂದ, ಸೊಂಟದ ಸುತ್ತಳತೆಯನ್ನು ತಿಂಗಳಿಗೊಮ್ಮೆ ಬರೆದಿಡಿ, ಮತ್ತು ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಯಾವಾಗ ಮಾಡಿಸಬೇಕೆಂದು ನಿಮ್ಮ ವೈದ್ಯರನ್ನು ಕೇಳಿ.