ಓದುಗರ ಪ್ರಶ್ನೆ: ಈಜಿನಲ್ಲಿ ಹಿಂದಿರುವವರು ಟ್ರಯಥ್ಲಾನ್‌ಗೆ ಇಳಿಯಬಹುದೇ?

ಪ್ರಶ್ನೆ: ವಾರಕ್ಕೆ ಮೂರು ನಾಲ್ಕು ದಿನ ಓಡುತ್ತೇನೆ, ಸೈಕಲ್ ತುಳಿಯುವುದೂ ರೂಢಿಯಿದೆ. ಈಜನ್ನು ಮಾತ್ರ ದೊಡ್ಡವನಾದ ಮೇಲೆ ಈಜುಕೊಳದಲ್ಲಿ ಕಲಿತೆ, ವೇಗ ಇಲ್ಲವೇ ಇಲ್ಲ. ಈಜು, ಸೈಕಲ್ ಸವಾರಿ, ಓಟ ಮೂರೂ ಒಂದರ ಹಿಂದೊಂದು ಬರುವ ಸಣ್ಣದೊಂದು ಸ್ಥಳೀಯ ಟ್ರಯಥ್ಲಾನ್‌ನಲ್ಲಿ ಹವ್ಯಾಸಿಯಾಗಿ ಭಾಗವಹಿಸಬೇಕೆಂಬ ಆಸೆಯಿದೆ. ನನ್ನ ಈಜು ಅದಕ್ಕೆ ಸಾಕಾದೀತೇ?

ಉತ್ತರ: ನಿಧಾನವಾಗಿ ಈಜುವವರು ಧಾರಾಳವಾಗಿ ಭಾಗವಹಿಸಬಹುದು. ನಿಗದಿತ ದೂರವನ್ನು ಗೋಡೆ ಹಿಡಿಯದೆ ಮುಗಿಸಲಾರದವರು ಮತ್ತು ಕಾಲಿಗೆ ನೆಲ ಸಿಗದ ಕಡೆ ಗಾಬರಿಗೊಳ್ಳುವವರು ಮಾತ್ರ ಇನ್ನೂ ಕೆಲವು ತಿಂಗಳು ಕಾಯಬೇಕು. ವೇಗ ಮತ್ತು ಸುರಕ್ಷತೆ ಎಂಬ ಎರಡನ್ನು ಬೇರೆಬೇರೆಯಾಗಿ ನೋಡದಿರುವುದರಿಂದಲೇ ಎಷ್ಟೋ ಒಳ್ಳೆಯ ಓಟಗಾರರು ಅನಗತ್ಯವಾಗಿ ಹಿಂಜರಿಯುತ್ತಾರೆ. ಇನ್ನು ಕೆಲವರು ಸಿದ್ಧತೆಯಿಲ್ಲದೆ ನೀರಿಗೆ ಇಳಿದುಬಿಡುತ್ತಾರೆ. ನನಗೆ ಹೆಚ್ಚು ಆತಂಕ ಹುಟ್ಟಿಸುವವರು ಈ ಎರಡನೆಯ ಗುಂಪಿನವರು.

ಮೊದಲು ವೇಗದ ಲೆಕ್ಕವನ್ನು ನೋಡೋಣ. ಹೊಸಬರು ಸಾಮಾನ್ಯವಾಗಿ ಆರಿಸಿಕೊಳ್ಳುವ ಸ್ಪ್ರಿಂಟ್ ಸ್ಪರ್ಧೆಯಲ್ಲಿ 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್ ಸವಾರಿ ಮತ್ತು 5 ಕಿಲೋಮೀಟರ್ ಓಟ ಇರುತ್ತವೆ. 2000ದ ಸಿಡ್ನಿ ಕ್ರೀಡಾಕೂಟದಿಂದ ಒಲಿಂಪಿಕ್ಸ್‌ನಲ್ಲಿ ನಡೆಯುತ್ತಿರುವ ಸ್ಪರ್ಧೆಯ ದೂರ ಇದರ ಇಮ್ಮಡಿ. 100 ಮೀಟರಿಗೆ ಎರಡು ನಿಮಿಷ ತೆಗೆದುಕೊಳ್ಳುವವರು 750 ಮೀಟರನ್ನು 15 ನಿಮಿಷದಲ್ಲಿ ಮುಗಿಸುತ್ತಾರೆ. ಎರಡು ನಿಮಿಷ 40 ಸೆಕೆಂಡು ಬೇಕಾದವರು 20 ನಿಮಿಷದಲ್ಲಿ ದಡ ಸೇರುತ್ತಾರೆ. ಈಜುಕೊಳದಲ್ಲಿ ದೊಡ್ಡದಾಗಿ ಕಾಣುವ ಈ ಅಂತರ ಸ್ಪರ್ಧೆಯಲ್ಲಿ ಕೇವಲ ಐದು ನಿಮಿಷ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಸೈಕಲ್ ತುಳಿಯುವವರು 28ಕ್ಕೆ ಏರಿದರೆ ಸಾಕು, 20 ಕಿಲೋಮೀಟರಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಸಮಯ ಉಳಿಯುತ್ತದೆ. ಹಾಗಾಗಿ, ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಮುಗಿಯುವ ಸ್ಪರ್ಧೆಯಲ್ಲಿ ಈಜಿನ ವೇಗಕ್ಕಾಗಿ ತಲೆ ಕೆಡಿಸಿಕೊಳ್ಳುವ ಅಗತ್ಯ ಹವ್ಯಾಸಿಗೆ ಇಲ್ಲವೆಂದೇ ನನ್ನ ಅಭಿಪ್ರಾಯ. ಆಯೋಜಕರು ಈಜಿಗೆ ಗರಿಷ್ಠ ಸಮಯವನ್ನು ನಿಗದಿ ಮಾಡಿದ್ದಾರೆಯೇ ಎಂಬುದನ್ನು ಮಾತ್ರ ಹೆಸರು ನೋಂದಾಯಿಸುವ ಮೊದಲು ನೋಡಿಕೊಳ್ಳಿ.

ಸುರಕ್ಷತೆಯ ಲೆಕ್ಕವೇ ಬೇರೆ. ಅಮೆರಿಕದ ಟ್ರಯಥ್ಲಾನ್‌ಗಳಲ್ಲಿ 1985ರಿಂದ 2016ರವರೆಗೆ ಸಂಭವಿಸಿದ ಸಾವುಗಳನ್ನೂ ಹೃದಯಸ್ತಂಭನಗಳನ್ನೂ ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, 135 ಪ್ರಕರಣಗಳಲ್ಲಿ ಸುಮಾರು ಮೂರನೇ ಎರಡರಷ್ಟು ನಡೆದದ್ದು ಈಜಿನ ಹಂತದಲ್ಲಿ. ಭಾಗವಹಿಸಿದವರ ಒಟ್ಟು ಸಂಖ್ಯೆಗೆ ಹೋಲಿಸಿದರೆ ಇಂತಹ ಘಟನೆಗಳು ವಿರಳ. ಆದರೂ ನಡುವಯಸ್ಸು ದಾಟಿದ ಪುರುಷರಲ್ಲಿ ಅಪಾಯ ಹೆಚ್ಚೆಂಬುದನ್ನು ಅದೇ ಅಧ್ಯಯನ ಕಂಡುಕೊಂಡಿತು. ನಲವತ್ತು ದಾಟಿದವರು, ಮನೆತನದಲ್ಲಿ ಹೃದ್ರೋಗದ ಇತಿಹಾಸ ಇರುವವರು ಮತ್ತು ಶ್ರಮದ ವೇಳೆ ಎದೆ ಬಿಗಿಯುವ ಅಥವಾ ತಲೆ ಸುತ್ತುವ ಅನುಭವ ಆಗಿರುವವರು ಅಭ್ಯಾಸ ಆರಂಭಿಸುವ ಮೊದಲೇ ವೈದ್ಯರನ್ನು ಕಾಣಬೇಕು. ಈ ಮಾತನ್ನು ಔಪಚಾರಿಕ ಎಚ್ಚರಿಕೆಯೆಂದು ಓದಿ ಮುಂದೆ ಹೋಗಬೇಡಿ.

ಈಜುಕೊಳದಲ್ಲಿ ಸಲೀಸಾಗಿ ಈಜುವವರಿಗೂ ಕೆರೆಯಲ್ಲೋ ಸಮುದ್ರದಲ್ಲೋ ತೊಡಕಾಗುವುದು ಏಕೆಂಬುದನ್ನು ಅರ್ಥಮಾಡಿಕೊಂಡರೆ ಅಭ್ಯಾಸ ಹೇಗಿರಬೇಕೆಂಬುದು ತಾನಾಗಿ ತಿಳಿಯುತ್ತದೆ. ಅಲ್ಲಿ ತಳದಲ್ಲಿ ಎಳೆದ ಕಪ್ಪು ಗೆರೆಯಿರುವುದಿಲ್ಲ, 25 ಮೀಟರಿಗೊಮ್ಮೆ ಗೋಡೆ ಸಿಗುವುದಿಲ್ಲ, ಮುಖ ಮುಳುಗಿಸಿದರೆ ತಮ್ಮ ಕೈಯೇ ಕಾಣದಷ್ಟು ನೀರು ಮಬ್ಬಾಗಿರಬಹುದು. ತಣ್ಣನೆಯ ನೀರು ಚರ್ಮಕ್ಕೆ ತಾಗಿದೊಡನೆ ದೇಹ ತಾನಾಗಿಯೇ ಏದುಸಿರು ಬಿಡಲು ತೊಡಗುತ್ತದೆ, ಎದೆಬಡಿತವೂ ಏರುತ್ತದೆ. ಅದೇ ಹೊತ್ತಿಗೆ ಸುತ್ತಲಿನ ಹತ್ತಾರು ಮಂದಿಯ ಕೈಕಾಲುಗಳು ಮೈಗೆ ತಾಗುತ್ತಿರುತ್ತವೆ. ಇಷ್ಟೆಲ್ಲದರ ನಡುವೆ ಹೊಸಬರು ಉಸಿರನ್ನು ಪೂರ್ತಿಯಾಗಿ ಹೊರಬಿಡದೆಯೇ ಮತ್ತೆ ಒಳಗೆಳೆದುಕೊಳ್ಳಲು ಯತ್ನಿಸುತ್ತಾರೆ; ಉಸಿರುಗಟ್ಟಿದಂತೆ ಅನಿಸುವುದು ಬಹುಮಟ್ಟಿಗೆ ಅದರಿಂದಲೇ. ತೋಳಿನ ಬಲ ಇದಕ್ಕೆ ಪರಿಹಾರವಲ್ಲ. ಮುಖ ನೀರಿನಲ್ಲಿರುವಾಗಲೇ ಗುಳ್ಳೆಗಳನ್ನು ನಿಧಾನವಾಗಿ, ಒಂದೇ ಸಮನೆ ಹೊರಬಿಡುವ ಅಭ್ಯಾಸವೇ ಪರಿಹಾರ.

ಆದ್ದರಿಂದ ಈಜುಕೊಳದಲ್ಲಿ ಸ್ಪರ್ಧೆಯ ದೂರಕ್ಕಿಂತ ಹೆಚ್ಚನ್ನು, ಅಂದರೆ 1,000 ಮೀಟರಿನಷ್ಟನ್ನು, ಎಲ್ಲೂ ನಿಲ್ಲದೆ ಈಜಿ ಮುಗಿಸಿದ ಮೇಲೂ ಮಾತನಾಡುವಷ್ಟು ಉಸಿರು ಉಳಿದಿರಬೇಕೆಂಬುದನ್ನು ನಾನು ಮೊದಲ ಪರೀಕ್ಷೆಯಾಗಿ ಇಡುತ್ತೇನೆ. ಅನಂತರ ಸ್ಪರ್ಧೆಗೆ ಮುನ್ನ ಕೆಲವು ಸಲವಾದರೂ ತೆರೆದ ನೀರಿನಲ್ಲಿ, ಅನುಭವಿಗಳ ಜೊತೆಯಲ್ಲಿ, ಎದ್ದು ಕಾಣುವ ಬಣ್ಣದ ಟೋಪಿ ಧರಿಸಿ ಈಜಬೇಕು. ಒಬ್ಬರೇ ಹೋಗುವುದು ಎಂದಿಗೂ ಸಲ್ಲದು. ಅಲ್ಲಿ ಕಲಿಯಬೇಕಾದದ್ದು ದಿಕ್ಕು ನೋಡುವ ಕ್ರಮ: ಎಂಟು ಹತ್ತು ಬಾರಿ ಕೈ ಬೀಸಿದ ಮೇಲೊಮ್ಮೆ ಮೊಸಳೆಯಂತೆ ಕಣ್ಣುಗಳನ್ನಷ್ಟೇ ನೀರಿನ ಮೇಲಕ್ಕೆ ತಂದು ತೇಲುವ ಗುರುತನ್ನು ನೋಡಿಕೊಂಡು, ಕೂಡಲೇ ಪಕ್ಕಕ್ಕೆ ತಿರುಗಿ ಉಸಿರೆಳೆದುಕೊಳ್ಳಬೇಕು. ತಲೆಯನ್ನು ಪೂರ್ತಿ ಎತ್ತಿದರೆ ಸೊಂಟವೂ ಕಾಲುಗಳೂ ಕೆಳಗಿಳಿದು ಬೇಗನೆ ದಣಿವಾಗುತ್ತದೆ. ನೋಡದೆಯೇ ಈಜಿದರೆ 750 ಮೀಟರಿನ ಈಜು ತಿಳಿಯದಂತೆ 850 ಆಗಿಬಿಡಬಹುದು.

ಸ್ಪರ್ಧೆಯ ನಿಯಮಗಳೂ ಹೊಸಬರ ಪರವಾಗಿಯೇ ಇವೆಯೆಂಬುದು ಅನೇಕರಿಗೆ ತಿಳಿದಿಲ್ಲ. ಫ್ರೀಸ್ಟೈಲನ್ನೇ ಈಜಬೇಕೆಂಬ ಕಟ್ಟುಪಾಡಿಲ್ಲ. ಬ್ರೆಸ್ಟ್‌ಸ್ಟ್ರೋಕ್ ಆದೀತು, ಬೆನ್ನ ಮೇಲೆ ಮಲಗಿ ತೇಲುತ್ತ ಸುಧಾರಿಸಿಕೊಳ್ಳುವುದೂ ಆದೀತು. ತೇಲುವ ಗುರುತನ್ನೋ ನಿಂತಿರುವ ದೋಣಿಯನ್ನೋ ಹಿಡಿದು ದಣಿವಾರಿಸಿಕೊಳ್ಳಲು ವಿಶ್ವ ಟ್ರಯಥ್ಲಾನ್ ಸಂಸ್ಥೆಯ ನಿಯಮಗಳು ಅವಕಾಶ ನೀಡುತ್ತವೆ. ಅದನ್ನು ಆಸರೆಯಾಗಿಸಿಕೊಂಡು ಮುಂದಕ್ಕೆ ಸಾಗಬಾರದು ಅಷ್ಟೇ. ತೊಂದರೆಯಾದರೆ ಒಂದು ಕೈಯನ್ನು ಮೇಲೆತ್ತಿ ಕೂಗಬೇಕು. ಆರಂಭದಲ್ಲಿ ಗುಂಪಿನ ಹಿಂದೆ, ಒಂದು ಬದಿಗೆ ನಿಂತುಕೊಂಡು, ಮುಂದಿನವರು ಹೊರಟ ಮೇಲೆ ಹತ್ತಿಪ್ಪತ್ತು ಸೆಕೆಂಡು ಕಾದು ಹೊರಡಿ. ಇಡೀ ಸ್ಪರ್ಧೆಯಲ್ಲಿ ಇದಕ್ಕಿಂತ ಲಾಭದಾಯಕವಾಗಿ ಬಳಸಬಹುದಾದ ಇಪ್ಪತ್ತು ಸೆಕೆಂಡು ಬೇರೆಲ್ಲೂ ಸಿಗುವುದಿಲ್ಲ.

ಈಜು ಮೊದಲಿಗೇ ಬರುವುದು ನಿಮಗೆ ಅನುಕೂಲವೆಂದೇ ತಿಳಿಯಿರಿ. 1974ರಲ್ಲಿ ಸ್ಯಾನ್ ಡಿಯಾಗೊದ ಮಿಷನ್ ಬೇಯಲ್ಲಿ ನಡೆದ ಮೊದಲ ಆಧುನಿಕ ಟ್ರಯಥ್ಲಾನ್‌ನಲ್ಲಿ ಓಟದಿಂದ ಆರಂಭಿಸಿ, ದಣಿದ ಕಾಲುಗಳೊಡನೆ ನೀರಿಗೆ ಇಳಿಯಬೇಕಾಗಿತ್ತು. ಈಗಿನ ಕ್ರಮದಲ್ಲಿ ನೀರಿಗೆ ಇಳಿಯುವಾಗ ಮೈ ಹಗುರವಾಗಿರುತ್ತದೆ. ದಣಿವು ಹೆಚ್ಚುವ ಹೊತ್ತಿಗೆ ನೀವು ನೆಲದ ಮೇಲಿರುತ್ತೀರಿ.

ದಡ ಸಮೀಪಿಸಿದಾಗ ಅವಸರದಿಂದ ಎದ್ದು ನಿಲ್ಲಬೇಡಿ. ಇಷ್ಟು ಹೊತ್ತು ಮಲಗಿದ ಸ್ಥಿತಿಯಲ್ಲಿದ್ದ ದೇಹ ಒಮ್ಮೆಲೇ ನೇರವಾದರೆ ರಕ್ತ ಕಾಲುಗಳ ಕಡೆ ಇಳಿದು ತಲೆ ತಿರುಗಬಹುದು. ಕೈ ತಳಕ್ಕೆ ತಾಗುವವರೆಗೂ ಈಜಿ, ನಿಧಾನವಾಗಿ ಎದ್ದು, ಮೊದಲ ಹೆಜ್ಜೆಗಳನ್ನು ನಡೆದೇ ಇಡಿ. ಅಲ್ಲಿಂದ ಸೈಕಲ್ ಹತ್ತುವವರೆಗಿನ ಅವಧಿಯೂ ನಿಮ್ಮ ಒಟ್ಟು ಸಮಯದಲ್ಲೇ ಸೇರುತ್ತದೆ. ಆದರೂ ಅಲ್ಲಿ ವೇಗಕ್ಕಿಂತ ಕ್ರಮ ಮುಖ್ಯ. ಹೆಲ್ಮೆಟ್ ಧರಿಸಿ ಅದರ ಪಟ್ಟಿಯನ್ನು ಬಿಗಿದ ಮೇಲೆಯೇ ಸೈಕಲನ್ನು ಸ್ಟ್ಯಾಂಡಿನಿಂದ ತೆಗೆಯಬೇಕು, ಗುರುತಿಸಿದ ಗೆರೆ ದಾಟುವವರೆಗೂ ಅದನ್ನು ತಳ್ಳಿಕೊಂಡೇ ಹೋಗಬೇಕು; ಮರಳಿ ಬಂದಾಗ ಸೈಕಲನ್ನು ಸ್ಟ್ಯಾಂಡಿಗೆ ಹಾಕಿದ ಮೇಲಷ್ಟೇ ಪಟ್ಟಿ ಬಿಚ್ಚಬೇಕು. ಒದ್ದೆ ಬೆರಳುಗಳಲ್ಲಿ ಆ ಪುಟ್ಟ ಬಕಲ್ ಹಾಕುವುದು ನೆನೆಸಿದಷ್ಟು ಸುಲಭವಲ್ಲವಾದ್ದರಿಂದ ಅದನ್ನೂ ಮನೆಯಲ್ಲೇ ರೂಢಿ ಮಾಡಿಕೊಳ್ಳಿ. ಸಮಯ ಅಳೆಯುವ ಚಿಪ್ಪನ್ನು ಎಡಗಾಲಿನ ಹರಡಿಗೆ ಕಟ್ಟಿಕೊಳ್ಳಿ. ಸೈಕಲ್ ಚೈನು ಇರುವುದು ಬಲಬದಿಯಲ್ಲಿ.

ಸವಾರಿ ಮತ್ತು ಓಟ ನಿಮಗೆ ರೂಢಿಯಿರುವುದರಿಂದ ಹೆಚ್ಚು ಹೇಳಬೇಕಾಗಿಲ್ಲ. ಹ್ಯಾಂಡಲಿನ ತುದಿಗಳಿಗೆ ಮುಚ್ಚಳ ಇರಲಿ, ಬ್ರೇಕು ಸರಿಯಿರಲಿ; ದುಬಾರಿ ಸೈಕಲ್ ಬೇಕಾಗಿಲ್ಲ. ಹವ್ಯಾಸಿಗಳ ಸ್ಪರ್ಧೆಗಳಲ್ಲಿ ಮುಂದಿನವರ ಬೆನ್ನಿಗೆ ಅಂಟಿಕೊಂಡು ಗಾಳಿಯ ತಡೆಯಿಂದ ತಪ್ಪಿಸಿಕೊಳ್ಳುವುದು ಸಾಮಾನ್ಯವಾಗಿ ನಿಷಿದ್ಧವಾದ್ದರಿಂದ ಎಷ್ಟು ಅಂತರ ಬಿಡಬೇಕೆಂಬುದನ್ನು ಆಯೋಜಕರ ಸೂಚನೆಗಳಲ್ಲಿ ಓದಿಕೊಳ್ಳಿ. ಸೈಕಲ್ ಇಳಿದೊಡನೆ ಓಡಲು ಹೊರಟರೆ ಕಾಲುಗಳು ಬೇರೆಯವರದ್ದೇನೋ ಎಂಬಂತೆ ಮರಗಟ್ಟಿರುತ್ತವೆ, ಆದರೆ ಮೊದಲ ಒಂದೆರಡು ಕಿಲೋಮೀಟರಿನಲ್ಲಿ ಸರಿಹೋಗುತ್ತವೆ. ವಾರಕ್ಕೊಮ್ಮೆ ಸವಾರಿ ಮುಗಿಸಿದ ಕೂಡಲೇ ಹತ್ತು ನಿಮಿಷ ಓಡುವ ಬ್ರಿಕ್ ಅಭ್ಯಾಸ ಇದಕ್ಕೆ ಸಾಕು.

ಇನ್ನು, ಮೇಲೆ ಹೇಳಿದ 1,000 ಮೀಟರಿನ ಪರೀಕ್ಷೆ ನಿಮ್ಮಿಂದ ಇನ್ನೂ ಸಾಧ್ಯವಾಗುತ್ತಿಲ್ಲವಾದರೂ ನಿರಾಶರಾಗಬೇಕಾಗಿಲ್ಲ. ಈಜನ್ನು ಈಜುಕೊಳದಲ್ಲೇ ನಡೆಸುವ ಟ್ರಯಥ್ಲಾನ್‌ಗಳಿವೆ. 400 ಮೀಟರ್ ಅಥವಾ ಅದಕ್ಕಿಂತ ಕಡಿಮೆ ಈಜಿರುವ ಸೂಪರ್ ಸ್ಪ್ರಿಂಟ್ ಸ್ಪರ್ಧೆಗಳೂ ಇವೆ. ಮೂವರು ಸೇರಿ ಒಬ್ಬೊಬ್ಬರು ಒಂದೊಂದು ಭಾಗವನ್ನು ಪೂರೈಸುವ ರಿಲೇಯಲ್ಲಿ ಓಟವನ್ನೋ ಸವಾರಿಯನ್ನೋ ವಹಿಸಿಕೊಂಡರೆ ಸ್ಪರ್ಧೆಯ ವಾತಾವರಣವೂ ನಿಯಮಗಳೂ ಪರಿಚಯವಾಗುತ್ತವೆ. ಓಟ, ಸವಾರಿ, ಮತ್ತೆ ಓಟ ಇರುವ ಡುಯಥ್ಲಾನ್ ನಿಮ್ಮಂತಹವರಿಗೆ ಹೇಳಿ ಮಾಡಿಸಿದಂತಿದೆ. ಈ ಋತುವಿನಲ್ಲಿ ಅದನ್ನು ಮುಗಿಸಿ, ಉಳಿದ ತಿಂಗಳುಗಳಲ್ಲಿ ಒಳ್ಳೆಯ ತರಬೇತುದಾರರ ಬಳಿ ಈಜನ್ನು ಸುಧಾರಿಸಿಕೊಂಡು ಮುಂದಿನ ವರ್ಷ ತೆರೆದ ನೀರಿನ ಸ್ಪರ್ಧೆಗೆ ಹೆಸರು ಕೊಡಿ.