ಆ ಇಲಿ ಎಂಥಾ ಪಂಜರದಲ್ಲಿತ್ತು?

"ಬ್ರಾಹ್ಮಿ ರಸ ಕುಡಿಸಿದರೆ ಇಲಿಯ ಆತಂಕ ಇಳೀತಂತೆ" ಅನ್ನುವಂಥ ಸುದ್ದಿ ವಾಟ್ಸಾಪಿನಲ್ಲಿ ಬಂದರೆ ಸಾಕು, ನಮ್ಮವರು ಬ್ರಾಹ್ಮಿ ಹುಡುಕಲು ಹೊರಟುಬಿಡುತ್ತಾರೆ. ನಾನು ಮೊದಲು ಕೇಳುವುದೇ ಬೇರೆ. ಆ ಇಲಿಯನ್ನು ಎಂಥಾ ಪಂಜರದಲ್ಲಿ ಇಟ್ಟಿದ್ದರು?

ಹುಬ್ಬಳ್ಳಿ-ಧಾರವಾಡದಲ್ಲಿ ಫಾರ್ಮಸಿ ಓದುವ ಹುಡುಗರಿಗೆ ಪ್ಲಸ್ ಮೇಜ್ ಗೊತ್ತಿರುತ್ತದೆ. ನೆಲದಿಂದ ಎತ್ತರದಲ್ಲಿ ಪ್ಲಸ್ ಆಕಾರದ ಹಾದಿ, ಎರಡು ತೋಳಿಗೆ ಗೋಡೆ, ಇನ್ನೆರಡು ಬಯಲು. ಐದು ನಿಮಿಷ ಇಲಿ ಬಿಡುತ್ತಾರೆ. ಬಯಲಲ್ಲಿ ಓಡಾಡಿದರೆ ಧೈರ್ಯ, ಗೋಡೆ ಸೇರಿದರೆ ಆತಂಕ. ಅದಕ್ಕೂ ಮುಂಚೆ ವಾರಗಟ್ಟಲೆ ಅದು ಹೇಗೆ ಬದುಕಿತ್ತು ಅಂತ ಯಾರು ಕೇಳುತ್ತಾರೆ?

1999ರಲ್ಲಿ ಕ್ರಾಬ್, ವಾಲ್‌ಸ್ಟೆನ್ ಮತ್ತು ಡುಡೆಕ್ ಎಂಬ ವಿಜ್ಞಾನಿಗಳು ಅಮೆರಿಕದ ಪೋರ್ಟ್‌ಲ್ಯಾಂಡ್, ಆಲ್ಬನಿ ಮತ್ತು ಕೆನಡಾದ ಎಡ್ಮಂಟನ್‌ನಲ್ಲಿದ್ದ ಮೂರು ಲ್ಯಾಬುಗಳ ಫಲಿತಾಂಶ ಪ್ರಕಟಿಸಿದರು. ಇಲಿಗಳ ತಳಿ, ವಯಸ್ಸು, ಉಪಕರಣ ಎಲ್ಲಾ ಒಂದೇ ಇರುವಂತೆ ಜೀವ ತೇಯ್ದಿದ್ದರು. ಇಲಿಗಳಿಗೆ ಮದ್ಯದ ಮೇಲಿರುವ ಒಲವು ಮೂರೂ ಕಡೆ ಹೆಚ್ಚುಕಡಿಮೆ ಹೊಂದಿಕೊಂಡಿತು. ಪ್ಲಸ್ ಮೇಜ್ ಮಾತ್ರ ಊರಿಗೊಂದು ಉತ್ತರ ಕೊಟ್ಟಿತು!

ಪಂಜರದ ಸಂಗತಿಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಚಳಿ. ಲ್ಯಾಬಿನಲ್ಲಿ ಸಾಮಾನ್ಯವಾಗಿ 20ರಿಂದ 26 ಡಿಗ್ರಿ ಇಡುತ್ತಾರೆ, ಅಂದರೆ ಅಂಗಿ, ಕೋಟು ಹಾಕಿಕೊಂಡ ನಮಗೆ ಹಿತವಾದಷ್ಟು. ಇಲಿಗೆ ಹಿತ ಸುಮಾರು 30 ಡಿಗ್ರಿ. ಹಂಡೆಯ ನೀರು ತಾಸುಗಟ್ಟಲೆ ಬಿಸಿ ಇರುತ್ತದೆ, ಕಪ್ಪಿನ ಚಹಾ ಮಾತಾಡುವಷ್ಟರಲ್ಲಿ ಆರುತ್ತದೆ, ಅಲ್ವಾ? 25 ಗ್ರಾಂ ತೂಗುವ ಇಲಿಯದೂ ಅದೇ ಗತಿ: ಮೈ ಸಣ್ಣದು, ಅದಕ್ಕೆ ಹೋಲಿಸಿದರೆ ಚರ್ಮ ಜಾಸ್ತಿ, ಬಿಸಿ ಸೋರುತ್ತಲೇ ಇರುತ್ತದೆ. ಅದಕ್ಕೇ ಜಾಸ್ತಿ ತಿನ್ನುತ್ತದೆ, ಎದೆ ಜೋರಾಗಿ ಬಡಿದುಕೊಳ್ಳುತ್ತದೆ, ಕಂದು ಕೊಬ್ಬನ್ನು ಉರಿಸಿ ಬಿಸಿ ಮಾಡಿಕೊಳ್ಳಲು ನರಗಳು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಸುರಿಸುತ್ತವೆ. ಹೆದರಿದಾಗ ಮೈಯೊಳಗೆ ಏರುವುದೂ ಇದೇ ನಾರ್‌ಅಡ್ರಿನಲಿನ್. ಹೀಗೆ ಮೊದಲೇ ಒತ್ತಡದಲ್ಲಿರುವ ಇಲಿಗೆ ಗಿಡದ ರಸ ಕುಡಿಸಿ ನಾವು ಏನನ್ನು ಅಳೆದ ಹಾಗಾಯಿತು?

ಒಂಟಿಯಾಗಿ ಇಡಬೇಕೋ, ಗುಂಪಾಗಿಯೋ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಗುಂಪಾದರೆ ಬೆಚ್ಚಗಿರುತ್ತವೆ, ಆದರೆ ಗಂಡಿಲಿಗಳು ಕಚ್ಚಾಡುತ್ತವೆ. ತಳಿಯೂ ಲೆಕ್ಕಕ್ಕೆ ಬರುತ್ತದೆ, ಬಾಲ್ಬ್-ಸಿ ತಳಿ ಮೊದಲೇ ಪುಕ್ಕಲು.

ಎತ್ತುವ ಕೈಯೂ ಪಂಜರದ ಬಾಳಿನ ಭಾಗವೇ. ಬಾಲ ಹಿಡಿದು ಎತ್ತುವುದು ಹಲವು ಕಡೆ ರೂಢಿ. 2010ರಲ್ಲಿ ಲಿವರ್‌ಪೂಲಿನ ಸಂಶೋಧಕರಾದ ಹರ್ಸ್ಟ್ ಮತ್ತು ವೆಸ್ಟ್, ಕೊಳವೆಯಲ್ಲೋ ಬೊಗಸೆಯಲ್ಲೋ ಎತ್ತಿದ ಇಲಿಗಳು ಪ್ಲಸ್ ಮೇಜಿನಲ್ಲಿ ಕಡಿಮೆ ಆತಂಕ ತೋರಿದವು ಅಂತ ತೋರಿಸಿದರು. ಔಷಧಿಯ ಹನಿಯೂ ಬೇಕಾಗಲಿಲ್ಲ.

ನಮ್ಮ ಅನಿಮಲ್ ಹೌಸುಗಳಲ್ಲಿ, ಅಂದರೆ ಪ್ರಯೋಗದ ಪ್ರಾಣಿ ಸಾಕುವ ಕೋಣೆಗಳಲ್ಲಿ, ಪಂಜರದ ಕೆಳಗೆ ಭತ್ತದ ಹೊಟ್ಟು ಹರಡುವ ರೂಢಿ ಇದೆ. ಉಚ್ಚೆ ಹೀರಲು ಅದು ಸಾಕು, ಗೂಡು ಕಟ್ಟಲು ಬರುವುದಿಲ್ಲ. ಪಂಜರಕ್ಕೆ 8–10 ಗ್ರಾಂ ಕಾಗದದ ಚೂರು ಹಾಕಿದರೆ ಇಲಿ ತಾನೇ ಹರಿದು, ಹೆಣೆದು, ಒಳಗೆ ಬೆಚ್ಚಗೆ ಕೂರುತ್ತದೆ. ರದ್ದಿ ಕಾಗದಕ್ಕೆಂದು ಯಾವ ಪ್ರಾಜೆಕ್ಟಿಗೂ ಬೇರೆ ದುಡ್ಡು ಕೇಳಬೇಕಾಗಿಲ್ಲ.