ಬಿಪಿ ಮಾತ್ರೆಯೂ ಒಂದು ದಿನದ ಕೂಲಿಯೂ

ಮದ್ದೂರು ಕಡೆಯ ಹಳ್ಳಿಯಿಂದ ಬರುವ ಆ ತಾಯಿಗೆ ಐವತ್ತು ದಾಟಿದೆ. ನಾಟಿ, ಕಳೆ, ಕಬ್ಬು ಕಟಾವು, ಯಾವ ಕೂಲಿ ಸಿಕ್ಕರೂ ಹೋಗುತ್ತಾರೆ. ಮೊನ್ನೆ ಮಂಡ್ಯದ ನನ್ನ ಕ್ಲಿನಿಕ್ಕಿಗೆ ಬಂದಾಗ ಬಿಪಿ 180/110. ಮಾತ್ರೆ ಬಿಟ್ಟು ಎರಡು ತಿಂಗಳಾಗಿತ್ತು.

"ಯಾಕವ್ವಾ, ಸರ್ಕಾರಿ ಆಸ್ಪತ್ರೇಲಿ ಪುಕ್ಕಟೆ ಕೊಡ್ತಾರಲ್ವಾ?"

"ಕೊಡ್ತಾರೆ ಸಾ. ಹೋದ್ರೆ ಒಂದಿನದ ಕೂಲಿ ಹೋಯ್ತದಲ್ಲ. ನಂಗೇನ್ ನೋವಾ, ಜ್ವರವಾ?"

ಮೊದಲೆಲ್ಲ ಇಂಥ ಮಾತಿಗೆ ರೇಗುತ್ತಿದ್ದೆ. ಈಗ ಕೂತು ಲೆಕ್ಕ ಕೇಳುತ್ತೇನೆ. ಅವರ ಲೆಕ್ಕ ತಪ್ಪೇನಲ್ಲ. ಮಾತ್ರೆಗೆ ದುಡ್ಡು ಕೊಡಬೇಕಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಚಾರ್ಜೂ ಇಲ್ಲ. ಆದರೆ ಚೀಟಿ ಮಾಡಿಸಿ, ಸಾಲಿನಲ್ಲಿ ನಿಂತು, ಮಾತ್ರೆ ಈಸಿಕೊಂಡು ಊರು ಸೇರುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ. ಆಮೇಲೆ ಗದ್ದೆಗೆ ಯಾರು ಕರೆಯುತ್ತಾರೆ? ಸಂಘದ ಕಂತು ಬೇರೆ ವಾರವಾರ ಬರುತ್ತದೆ. ಕಂತು ತಪ್ಪಿದರೆ ಗುಂಪಿನವರೆಲ್ಲ ಮನೆ ಬಾಗಿಲಿಗೆ ಬರುತ್ತಾರೆ. ಮಾತ್ರೆ ತಪ್ಪಿದರೆ ಇವತ್ತು ಯಾರಿಗೂ ಗೊತ್ತಾಗುವುದಿಲ್ಲ.

ಇದೇ ತಾಯಿ ಮೈಕೈ ನೋವಿಗೆ ದುಡ್ಡು ಕೊಟ್ಟು ಇಂಜೆಕ್ಷನ್ ಹಾಕಿಸಿಕೊಳ್ಳುತ್ತಾರೆ. ನನ್ನ ಹತ್ತಿರವೂ ಕೇಳಿದ್ದುಂಟು: "ಒಂದ್ ಸೂಜಿ ಚುಚ್ಬುಡಿ ಸಾ." ನಾಳೆ ಕೆಲಸಕ್ಕೆ ಹೋಗಬೇಕಲ್ಲ!

ಬಡವರಿಗೆ ತಿಳಿವಳಿಕೆ ಕಮ್ಮಿ ಎಂದು ನಾವು ಡಾಕ್ಟರುಗಳು ಸಲೀಸಾಗಿ ಹೇಳಿಬಿಡುತ್ತೇವೆ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತವರ ಜೊತೆಗಾರರು ರಾಜಸ್ಥಾನದ ಉದಯಪುರದ ಹಳ್ಳಿಗಳಲ್ಲಿ ಮಕ್ಕಳ ಲಸಿಕೆಯ ವಿಷಯದಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಏನೂ ಹೊಸದು ಮಾಡದ ಹಳ್ಳಿಗಳಲ್ಲಿ ಎಲ್ಲ ಲಸಿಕೆ ಹಾಕಿಸಿಕೊಂಡ ಮಕ್ಕಳು ನೂರಕ್ಕೆ 6. ತಪ್ಪದೆ ಲಸಿಕೆ ಕ್ಯಾಂಪ್ ನಡೆಸಿದ ಕಡೆ 18. ಕ್ಯಾಂಪಿನ ಜೊತೆ ಪ್ರತಿ ಸಲ ಒಂದು ಕಿಲೋ ಬೇಳೆ, ಕೊನೆಗೆ ಊಟದ ತಟ್ಟೆಗಳನ್ನು ಕೊಟ್ಟಾಗ 39. ಲಸಿಕೆ ಮೂರೂ ಕಡೆ ಪುಕ್ಕಟೆಯೇ. ಕಿಲೋ ಬೇಳೆಗೆ ಯಾರೂ ನಂಬಿಕೆ ಬದಲಿಸುವುದಿಲ್ಲ. ಕಳೆದುಹೋದ ಹೊತ್ತಿಗೆ ಅದು ಒಂಚೂರು ಪರಿಹಾರ, ಅಷ್ಟೆ.

ನಮ್ಮ ಸರ್ಕಾರಿ ಕಾರ್ಡುಗಳ ಗಮನ ಜಾಸ್ತಿ ಇರುವುದು ದೊಡ್ಡ ಕಾಯಿಲೆಯ ಮೇಲೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಒಳ್ಳೆಯದೇ. ಆದರೆ ಬಿಪಿ ಏರಿ ಲಕ್ವ ಹೊಡೆದು ಮಲಗಿದವರ ಪಕ್ಕ ಕೂರುವ ಮಗಳ ಕೂಲಿ, ಆಸ್ಪತ್ರೆ ಮುಂದಿನ ಹೋಟೆಲ್ ಊಟ, ಗಿರವಿಗೆ ಹೋದ ಓಲೆಯ ಬಡ್ಡಿ ಯಾವ ಕಾರ್ಡಿನಲ್ಲೂ ಬರುವುದಿಲ್ಲ.

ನನ್ನನ್ನು ಕೇಳಿದರೆ, ಬಿಪಿ ಹದಕ್ಕೆ ಬಂದವರಿಗೆ ಮೂರು ತಿಂಗಳ ಮಾತ್ರೆ ಒಟ್ಟಿಗೇ ಕೊಟ್ಟುಬಿಡಬೇಕು. ತಿಂಗಳಿಗೊಮ್ಮೆ ಹೋದರೆ ವರ್ಷಕ್ಕೆ ಹನ್ನೆರಡು ಕೂಲಿ ಹೋಗುವ ಕಡೆ ನಾಲ್ಕು ಹೋಗುತ್ತದೆ. ಈ ತಾಯಿಗೆ ಸದ್ಯಕ್ಕೆ ಹಾಗಾಗದು, ಬೇಗ ಬೇಗ ನೋಡಬೇಕು. ಹದಿನೈದು ದಿನ ಬಿಟ್ಟು ಬನ್ನಿ ಎನ್ನಲು ಹೋದವನು, "ಸಂತೆಗೆ ಬರ್ತೀರಾ?" ಎಂದು ಕೇಳಿದೆ.

"ಬತ್ತೀನಿ ಸಾ. ಅವತ್ತು ಹೆಂಗೂ ಕೂಲಿಗೋಗಕಿಲ್ಲ."

ಚೀಟಿಯಲ್ಲಿ ತಾರೀಕು ಬರೆಯಲಿಲ್ಲ. "ಮುಂದಿನದು ಬಿಟ್ಟು ಅದರ ಮುಂದಿನ ಸಂತೆ" ಎಂದು ಬರೆದೆ.